ಮೀನು ಸತ್ತಿಲ್ಲ ಅಂದ ಮಾತ್ರಕ್ಕೆ ಕೆರೆ ನೀರು ಸರಿಯಿದೆ ಅಂತಲ್ಲ

ನಮ್ಮ ದಾವಣಗೆರೆ ಚಿತ್ರದುರ್ಗ ಕಡೆ ನೀರು ಕೆಟ್ಟಿದೆ ಅನ್ನೋದು ಸುದ್ದಿ ಆಗೋದು ಯಾವಾಗ ಅಂದ್ರೆ ಮೀನು ಹೊಟ್ಟೆ ಮೇಲೆ ಮಾಡ್ಕೊಂಡು ತೇಲಿದಾಗ. ಹರಿಹರದ ಹತ್ರ ತುಂಗಭದ್ರೆಯಲ್ಲಿ 80ರ ದಶಕದಲ್ಲಿ ಕಾರ್ಖಾನೆ ನೀರಿನ ವಿರುದ್ಧ ಜನ ಬೀದಿಗಿಳಿದಿದ್ದೂ ಮೀನು ಸತ್ತ ಮೇಲೇನೇ. ಸತ್ತ ಮೀನು ಕಣ್ಣಿಗೆ ಕಾಣುತ್ತೆ, ಫೋಟೋ ತೆಗಿಬಹುದು, ಅಧಿಕಾರಿ ಮುಂದೆ ಇಡಬಹುದು. ಆದ್ರೆ ನೀರಿನಲ್ಲಿ ವಿಷ ಸಾಯಿಸೋ ಮಟ್ಟಕ್ಕೆ ಹೋಗೋಕೆ ಎಷ್ಟೋ ಮುಂಚೆ ಇನ್ನೊಂದು ಕೆಲಸ ಮಾಡಿ ಮುಗಿಸಿರುತ್ತೆ, ಅದೇನಂದ್ರೆ ನೀರಲ್ಲಿರೋ ಸಣ್ಣ ಸಣ್ಣ ಜೀವಿಗಳ ಮೂಗು ಕೆಡಿಸೋದು. ಸೀಗಡಿ, ಏಡಿ, ಕಣ್ಣಿಗೆ ಕಂಡೂ ಕಾಣದ ನೀರಿನ ಚಿಗಟ, ಇವೆಲ್ಲ ಒಂದೇ ಕುಲದವು, ಇವು ಬದುಕೋದೇ ವಾಸನೆ ಮೇಲೆ. ಅದು ಹೋದ್ರೆ ಜೀವ ಇರುತ್ತೆ, ಈಜಾಡ್ತಾನೂ ಇರುತ್ತೆ, ಆದ್ರೆ ಶತ್ರು ಎಲ್ಲಿದೆ, ಊಟ ಎಲ್ಲಿದೆ, ಜೋಡಿ ಎಲ್ಲಿದೆ ಒಂದೂ ಗೊತ್ತಾಗಲ್ಲ.

ಗದ್ದೆ ಏಡಿನ ಒಂದು ಬಕೆಟ್ ನೀರಲ್ಲಿ ಬಿಟ್ಟು ಹತ್ರದಿಂದ ನೋಡಿ. ಕೊಂಡಿ, ಕಾಲು ಬಿಡಿ, ಎರಡು ಕಣ್ಣಿನ ಮಧ್ಯೆ ನೋಡಿ. ಅಲ್ಲೊಂದು ಸಣ್ಣ ಗುಳಿ ಇರುತ್ತೆ, ಅದರೊಳಗಿಂದ ಎರಡು ಪುಟ್ಟ ಮೀಸೆ ಹೊರಗೆ ಬಂದು ಟಕ್ ಟಕ್ ಅಂತ ಒದರ್ತಾ ಇರ್ತವೆ, ಒಂದು ಕ್ಷಣ ನಿಲ್ಲುತ್ತೆ, ಮತ್ತೆ ಒದರುತ್ತೆ. ನೀರಿಗೆ ಒಂದು ಚೂರು ಮಾಂಸನೋ ಮೀನಿನ ತುಂಡೋ ಹಾಕಿದ್ರೆ ಆ ಒದರೋದು ಜಾಸ್ತಿ ಆಗುತ್ತೆ. ಅದು ಏಡಿ ಮೂಸಿ ನೋಡೋ ರೀತಿ. ಆ ಮೀಸೆ ತುದಿಯಲ್ಲಿ ಕುಂಚದ ಹಾಗೆ ತೆಳ್ಳನೆ ಕೂದಲು ಸಾಲಾಗಿ ಇರ್ತವೆ, ಒಂದೊಂದು ಒದರಿಗೂ ಹಳೇ ನೀರು ಹೋಗಿ ಹೊಸ ನೀರು ಆ ಕೂದಲ ಮಧ್ಯೆ ನುಗ್ಗುತ್ತೆ. ಕೂದಲಿನ ಒಳಗೆ ನರದ ತುದಿಗಳು ಇರ್ತವೆ. ನರಕ್ಕೂ ಹೊರಗಿನ ನೀರಿಗೂ ಮಧ್ಯೆ ಇರೋದು ಅತಿ ತೆಳುವಾದ ಒಂದು ಪೊರೆ, ಅದೂ ವಾಸನೆಯ ಅಣುಗಳು ದಾಟಿ ಬರಲಿ ಅಂತಾನೇ ಅಷ್ಟು ತೆಳು. ಏಡಿಯ ಮೈಯೆಲ್ಲ ಗಟ್ಟಿ ಚಿಪ್ಪು, ಇದೊಂದು ಜಾಗ ಮಾತ್ರ ಬಾಗಿಲು ತೆರೆದೇ ಇಟ್ಟಿರಬೇಕು, ಯಾಕಂದ್ರೆ ಮುಚ್ಚಿದ್ರೆ ವಾಸನೆ ಬರಲ್ಲ. ನೀರಲ್ಲಿ ಏನೇ ಕರಗಿದ್ರೂ ಮೊದಲ ಏಟು ಬೀಳೋದು ಇಲ್ಲಿಗೇ.

ನೀರಿನ ಚಿಗಟ ಅಂದ್ರೆ ಡಾಫ್ನಿಯಾ ಮತ್ತು ಅದರ ನೆಂಟರು. ಅಕ್ವೇರಿಯಂ ಸಾಕೋರಿಗೆ ಗೊತ್ತಿರುತ್ತೆ, ಮೀನಿನ ಮರಿಗಳಿಗೆ ತಿನ್ನೋಕೆ ಹಾಕ್ತಾರೆ. ಹೆಚ್ಚೂ ಕಮ್ಮಿ ಒಂದರಿಂದ ಮೂರು ಮಿಲಿಮೀಟರ್, ಮೈ ಪಾರದರ್ಶಕ, ಕಾಲೇಜಿನ ಮೈಕ್ರೋಸ್ಕೋಪಲ್ಲಿ ಇಟ್ರೆ ಗುಂಡಿಗೆ ಬಡಿಯೋದು ಕಾಣುತ್ತೆ. ಮುಂದೆ ಕಾಣೋ ಎರಡು ದೊಡ್ಡ ಕೊಂಬೆ ಈಜೋಕೆ. ವಾಸನೆಯ ಮೀಸೆ ಬೇರೆ, ಅದು ಕಣ್ಣಿನ ಕೆಳಗೆ ಕೊಕ್ಕಿನ ಹತ್ರ ಎಷ್ಟು ಸಣ್ಣದಾಗಿ ಇರುತ್ತೆ ಅಂದ್ರೆ ಹುಡುಕಬೇಕು, ಒಂದೊಂದರಲ್ಲಿ 9 ವಾಸನೆ ಕೂದಲು ಅಷ್ಟೇ. ನಮ್ಮ ಕೆರೆಗಳಲ್ಲಿ ದೊಡ್ಡ ಡಾಫ್ನಿಯಾಗಿಂತ ಅದರ ಚಿಕ್ಕ ಬಂಧುಗಳಾದ ಮೊಯ್ನಾ, ಸೀರಿಯೋಡಾಫ್ನಿಯಾ, ಡಯಾಫನೊಸೋಮಾ ಇವೇ ಜಾಸ್ತಿ, ಜೊತೆಗೆ ಸೈಕ್ಲಾಪ್ಸ್. ಸೈಕ್ಲಾಪ್ಸ್ ಹೆಸರು ವಯಸ್ಸಾದವರು ಕೇಳಿರ್ತಾರೆ, ನಾರುಹುಣ್ಣು ಹರಡ್ತಿದ್ದಿದ್ದು ಅದರಿಂದಾನೇ, ಮೆಟ್ಟಿಲು ಬಾವಿ ನೀರನ್ನ ಬಟ್ಟೆಯಲ್ಲಿ ಸೋಸಿ ಕುಡೀರಿ ಅಂತ ಆಗ ಹೇಳ್ತಿದ್ರು, 2000ರಲ್ಲಿ ಭಾರತ ಅದರಿಂದ ಮುಕ್ತ ಅಂತ ಘೋಷಣೆ ಆಯ್ತು.

ಈ ಒಂಬತ್ತು ಕೂದಲಲ್ಲಿ ಡಾಫ್ನಿಯಾ ಏನನ್ನ ಮೂಸುತ್ತೆ ಅನ್ನೋದು ನನಗೆ ಈ ವಿಷಯದಲ್ಲೇ ಅತ್ಯಂತ ಆಶ್ಚರ್ಯ ಅನ್ಸೋ ಭಾಗ. ಮೀನು ಇರೋ ನೀರಲ್ಲಿ ಅದು ಹಗಲೆಲ್ಲ ಕೆಳಗೆ ಕತ್ತಲಲ್ಲಿ ಇದ್ದು ರಾತ್ರಿ ಮೇಲೆ ಬಂದು ಪಾಚಿ ತಿನ್ನುತ್ತೆ, ಯಾಕಂದ್ರೆ ಮೀನು ಕಣ್ಣಲ್ಲಿ ನೋಡಿ ಹಿಡಿಯುತ್ತೆ. ಮೀನು ಇಲ್ಲದ ನೀರಲ್ಲಿ ಇಷ್ಟು ಕಷ್ಟ ಪಡಲ್ಲ. ಮೀನು ಇದೆ ಅಂತ ಅದಕ್ಕೆ ಹೇಳೋರು ಯಾರು ಅನ್ನೋದು ದಶಕಗಳ ಕಾಲ ಗೊತ್ತಿರಲಿಲ್ಲ, 2019ರಲ್ಲಿ ಜರ್ಮನಿಯ ವಿಜ್ಞಾನಿಗಳು ಆ ವಸ್ತುನ ಕಂಡುಹಿಡಿದ್ರು, ಸಿಪ್ರಿನಾಲ್ ಸಲ್ಫೇಟ್ ಅಂತ, ಅದು ಕಾರ್ಪ್ ಜಾತಿ ಮೀನಿನ ಪಿತ್ತದಲ್ಲಿ ಇರೋ ಲವಣ. ಅದರಲ್ಲಿ ಅತಿ ಅತಿ ಕಡಿಮೆ ಅಂಶ ನೀರಿಗೆ ಬಂದ್ರೂ ಡಾಫ್ನಿಯಾಗೆ ಗೊತ್ತಾಗುತ್ತೆ. ನಮ್ಮ ಕೆರೆಗಳಲ್ಲಿ ಸಾಕೋ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಎಲ್ಲ ಈ ಕಾರ್ಪ್ ಕುಟುಂಬದವೇ. ಮೀನು ಸ್ವಚ್ಛ ಮಾಡೋರು ಪಿತ್ತದ ಚೀಲ ಒಡೀದ ಹಾಗೆ ಹುಷಾರಾಗಿ ತೆಗಿತಾರಲ್ಲ, ಅದೇ ಪಿತ್ತ. ರೋಹು ಮೀನಿನ ಪಿತ್ತಕೋಶ ಔಷಧಿ ಅಂತ ಹಸಿಯಾಗಿ ನುಂಗಿ ಕಿಡ್ನಿ ಹಾಳು ಮಾಡ್ಕೊಂಡವರ ಬಗ್ಗೆ ನಮ್ಮ ದೇಶದ ವೈದ್ಯರು ಎಷ್ಟೋ ಸಲ ಬರೆದಿದ್ದಾರೆ, ಅದಕ್ಕೂ ಕಾರಣ ಇದೇ ಗುಂಪಿನ ವಸ್ತು.

ಇನ್ನೊಂದು ಶತ್ರು ಕಯೋಬೊರಸ್ ಅಂತ ಒಂದು ನುಸಿಯ ಮರಿಹುಳ. ಅದು ನೀರಲ್ಲಿದೆ ಅಂತ ವಾಸನೆ ಬಂದ್ರೆ ಡಾಫ್ನಿಯಾ ಮರಿಗಳು ಕತ್ತಿನ ಹಿಂದೆ ಸಣ್ಣ ಹಲ್ಲುಗಳನ್ನ ಬೆಳೆಸ್ಕೊಳ್ತವೆ, ನುಂಗೋಕೆ ಬಂದ ಹುಳದ ಬಾಯಿಗೆ ಸಿಕ್ಕದೆ ಜಾರ್ಕೊಳ್ಳೋಕೆ ಅದು ಸಾಕಾಗುತ್ತೆ. ಬರೀ ವಾಸನೆ ಕೇಳಿ ಮೈ ಆಕಾರಾನೇ ಬದಲಾಯಿಸೋದು. ಇದೇ ಕಾರಣಕ್ಕೆ ವಿಜ್ಞಾನಿಗಳಿಗೆ ಇದು ಒಳ್ಳೇ ಅಳತೆಗೋಲು ಆಯ್ತು. ಶತ್ರುವಿನ ವಾಸನೆ ಇರೋ ನೀರಿಗೆ ಸ್ವಲ್ಪ ಲೋಹ ಹಾಕಿ ನೋಡಿ, ಹಲ್ಲು ಬಂದ್ರೆ ಮೂಗು ಸರಿಯಿದೆ, ಬರದಿದ್ರೆ ಕೆಟ್ಟಿದೆ ಅಂತ ಅರ್ಥ. ಕೆನಡಾದಲ್ಲಿ ಗ್ರೆಗ್ ಪೈಲ್ ಮತ್ತು ಜೊತೆಗಾರರು 2004ರಲ್ಲಿ ಹೀಗೇ ಮಾಡಿದ್ರು. ಲೀಟರಿಗೆ 10 ಮೈಕ್ರೋಗ್ರಾಂ ಆಸುಪಾಸಿನ ತಾಮ್ರ ಇದ್ದಾಗಲೇ ಹಲ್ಲು ಬೆಳೆಯೋದು ಕುಂಠಿತ ಆಯ್ತು. ಸಾಯಲಿಲ್ಲ, ಬದುಕಿದ್ವು, ಆದ್ರೆ ಶತ್ರು ಪಕ್ಕದಲ್ಲೇ ಇದ್ರೂ ತಯಾರಿ ಮಾಡ್ಕೊಳ್ಳಲಿಲ್ಲ. 2009ರಲ್ಲಿ ಅದೇ ತಂಡ ಇನ್ನೂ ಮುಂದೆ ಹೋಗಿ, ಲೋಹ ಸೇರಿದ ನೀರು ಡಾಫ್ನಿಯಾದ ಈ ರಕ್ಷಣಾ ವ್ಯವಸ್ಥೆಯನ್ನೇ ದುರ್ಬಲ ಮಾಡುತ್ತೆ ಅಂತ ತೋರಿಸ್ತು.

ಕೋವಿಡ್ ಬಂದಾಗ ವಾಸನೆ ಹೋಗಿ ಗ್ಯಾಸ್ ಸೋರಿದ್ರೂ ಗೊತ್ತಾಗ್ತಿರಲಿಲ್ಲ ಅಂತ ಎಷ್ಟು ಜನ ಹೇಳ್ತಿದ್ರು ನೆನಪಿದೆಯಲ್ಲ, ಹೆಚ್ಚೂ ಕಮ್ಮಿ ಅದೇ ಸ್ಥಿತಿ, ನಮಗಾದ್ರೆ ಕಣ್ಣು ಕಿವಿ ಇತ್ತು.

ಈಗ 10 ಮೈಕ್ರೋಗ್ರಾಂ ಅನ್ನೋದು ಎಷ್ಟು ಅಂತ ನೋಡೋಣ. ನಾವು ಕುಡಿಯೋ ನೀರಿಗೆ ಭಾರತೀಯ ಮಾನಕದ ಪ್ರಕಾರ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ತನಕ ಇರಬಹುದು, ಅಂದ್ರೆ 50 ಮೈಕ್ರೋಗ್ರಾಂ, ಬೇರೆ ನೀರೇ ಸಿಗದಿದ್ರೆ 1.5 ಮಿಲಿಗ್ರಾಂ ತನಕ ನಡೆಯುತ್ತೆ. ಕಾರ್ಖಾನೆ ನೀರನ್ನ ಹೊಳೆ ಕೆರೆಗೆ ಬಿಡೋಕೆ ಇರೋ ಸಾಮಾನ್ಯ ಮಿತಿ ಲೀಟರಿಗೆ 3 ಮಿಲಿಗ್ರಾಂ. ಡಾಫ್ನಿಯಾ ಮೂಗು ಕೆಡೋ ಮಟ್ಟದ 300 ಪಟ್ಟು ಅದು. ಹೊಳೆಗೆ ಸೇರಿ ತೆಳುವಾಗುತ್ತೆ ಅನ್ನೋ ಲೆಕ್ಕದಲ್ಲಿ ಇಟ್ಟಿರೋ ಮಿತಿ, ಬೇಸಿಗೆಯಲ್ಲಿ ಹೊಳೇಲಿ ನೀರೇ ಇರಲ್ಲ ಅನ್ನೋದು ಆ ಲೆಕ್ಕದಲ್ಲಿ ಬರಲ್ಲ. ಮನುಷ್ಯನ ಹೊಟ್ಟೆಗೆ ಏನೂ ಮಾಡದ ನೀರು ಆ ಜೀವಿಗೆ ವಾಸನೆಯ ಕುರುಡುತನ ತರಬಹುದು. ಇದನ್ನ ಯಾರೂ ಬೇಕಂತ ಮಾಡಿದ್ದಲ್ಲ, ಆದ್ರೆ ಮಿತಿ ಇಡೋವಾಗ ಕೇಳಿದ ಪ್ರಶ್ನೆನೇ ಬೇರೆ ಇತ್ತು.

ನಮ್ಮ ಎರಡು ಜಿಲ್ಲೆಗೂ ತಾಮ್ರ ಹೊಸದಲ್ಲ. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿನೇ ಇತ್ತು, ಈಗ ಮುಚ್ಚಿದೆ. ಆದ್ರೆ ನನಗೆ ಗಣಿಗಿಂತ ಜಾಸ್ತಿ ಯೋಚನೆ ಇರೋದು ತೋಟದ ಬಗ್ಗೆ. ಚನ್ನಗಿರಿ ಕಡೆ ಅಡಿಕೆಗೆ ಕೊಳೆರೋಗ ಬರಬಾರದು ಅಂತ ಬೋರ್ಡೋ ದ್ರಾವಣ ಹೊಡಿತಾರೆ, ಹಿರಿಯೂರು ಹೊಸದುರ್ಗ ಕಡೆ ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದು ಹಣ್ಣು ಸೀಳಿ ಕಪ್ಪಾಗುತ್ತೆ ಅಂತ ಬೋರ್ಡೋ, ಸಿಒಸಿ (ಕಾಪರ್ ಆಕ್ಸಿಕ್ಲೋರೈಡ್) ಎರಡೂ ಹೊಡಿತಾರೆ, ಎರಡರಲ್ಲೂ ಇರೋದು ತಾಮ್ರ. ಬೋರ್ಡೋ ಮಾಡೋ ಲೆಕ್ಕ ಎಲ್ಲ ರೈತರಿಗೂ ಬಾಯಿಪಾಠ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ, ಅಂದ್ರೆ 250 ಗ್ರಾಂ. ಹೆಕ್ಟೇರಿಗೆ ಸಾವಿರ ಲೀಟರ್ ಹೊಡೆದ್ರೆ ಒಂದೇ ಸುತ್ತಿಗೆ ಎರಡೂವರೆ ಕೆಜಿ ತಾಮ್ರ ಹೋಯ್ತು. ಯುರೋಪಿಯನ್ ಒಕ್ಕೂಟದಲ್ಲಿ 2019ರಿಂದ 7 ವರ್ಷಕ್ಕೆ ಒಟ್ಟು ಹೆಕ್ಟೇರಿಗೆ 28 ಕೆಜಿ ಮಾತ್ರ ಅಂತ ಮಿತಿ ಹಾಕಿದ್ದಾರೆ, ವರ್ಷಕ್ಕೆ ಸರಾಸರಿ 4 ಕೆಜಿ. ವರ್ಷಕ್ಕೆ ಎರಡು ಸುತ್ತು ಹೊಡೆದ್ರೆ ನಮ್ಮದು ಆ ಸರಾಸರಿ ದಾಟುತ್ತೆ.

ಹಾಗಂತ ರೈತರನ್ನ ಬೈಯೋದು ತಪ್ಪು, ನಾನೂ ತೋಟದ ಮನೆಯವನೇ. ಕೊಳೆ ಬಂದ್ರೆ ವರ್ಷದ ದುಡಿಮೆ ನೆಲಕ್ಕೆ ಬೀಳುತ್ತೆ, ಬೋರ್ಡೋ ಅಗ್ಗ, ಕೆಲಸ ಮಾಡುತ್ತೆ, ಸಾವಯವ ಕೃಷಿಯಲ್ಲೂ ಮಿತಿಯಲ್ಲಿ ಬಳಸೋಕೆ ಬಿಡ್ತಾರೆ. ಭದ್ರಾ ಚಾನಲ್ ಪಕ್ಕ ಔಷಧಿ ಹೊಡೆದ ಡ್ರಮ್ ತೊಳೀತಿದ್ದ ಪಕ್ಕದ ತೋಟದ ಯಜಮಾನರನ್ನ ಕೇಳಿದೆ, ಇದನ್ನ ತೋಟದಲ್ಲೇ ತೊಳೀಬಹುದಲ್ಲ ದೊಡ್ಡಪ್ಪ ಅಂತ. "ಹರಿಯೋ ನೀರು ಬಿಡೋ ತಮ್ಮಾ, ಎಷ್ಟೊತ್ತು ನಿಲ್ತೈತಿ ಅದು, ನಮ್ಮಪ್ಪನ ಕಾಲದಿಂದ ಮೈಲುತುತ್ತ ಹೊಡಿತಾ ಬಂದೀವಿ, ಒಂದು ಮೀನು ಸತ್ತಿದ್ದು ನೋಡಿಲ್ಲ ನಾನು" ಅಂದ್ರು. ಅವರು ಹೇಳಿದ್ದು ಸುಳ್ಳಲ್ಲ, ಅವರು ಮೀನು ಸತ್ತಿದ್ದು ನೋಡಿರಲಿಕ್ಕಿಲ್ಲ. ಆದ್ರೆ ಡ್ರಮ್ಮಿನ ತಳದಲ್ಲಿ ಉಳಿಯೋ ಒಂದು ಲೀಟರ್ ಬೋರ್ಡೋದಲ್ಲಿ ಎರಡೂವರೆ ಗ್ರಾಂ ತಾಮ್ರ ಇರುತ್ತೆ, ಅದು ಪೂರ್ತಿ ಕರಗಿದ್ರೆ ಎರಡೂವರೆ ಲಕ್ಷ ಲೀಟರ್ ನೀರನ್ನ ಆ 10 ಮೈಕ್ರೋಗ್ರಾಂ ಮಟ್ಟಕ್ಕೆ ತರೋಕೆ ಸಾಕು.

ಪೂರ್ತಿ ಕರಗಿದ್ರೆ ಅಂದೆ, ಅದನ್ನ ಸರಿಯಾಗಿ ಹೇಳಬೇಕು, ಇಲ್ಲಾಂದ್ರೆ ಸುಮ್ನೆ ಹೆದರಿಸಿದ ಹಾಗಾಗುತ್ತೆ. ಬೋರ್ಡೋದಲ್ಲಿ ಸುಣ್ಣ ಇರೋದ್ರಿಂದ ತಾಮ್ರ ಬೇಗ ಕರಗಲ್ಲ, ಬಹುಪಾಲು ಎಲೆಗೆ, ಮಣ್ಣಿಗೆ ಅಂಟ್ಕೊಳುತ್ತೆ. ನಮ್ಮ ಕೆರೆ ನೀರು ಕೆಂಪು ಮಣ್ಣು, ಕೊಳೆತ ಎಲೆಯ ರಸ ತುಂಬಿರೋದು, ಆ ಸಾವಯವ ಅಂಶ ತಾಮ್ರನ ಹಿಡಿದಿಟ್ಕೊಂಡು ಅದರ ಏಟನ್ನ ಕಮ್ಮಿ ಮಾಡುತ್ತೆ. ಚಿತ್ರದುರ್ಗದ ನೀರು ಗಡಸು, ಗಡಸು ನೀರಲ್ಲಿ ತಾಮ್ರದಿಂದ ಸಾಯೋದು ಕಮ್ಮಿ ಅನ್ನೋದೂ ನಿಜ. ಆದ್ರೆ ಒಂದು ಸೂಕ್ಷ್ಮ ಇದೆ. ಅಮೆರಿಕಾದಲ್ಲಿ ಸಾಲ್ಮನ್ ಮರಿಗಳ ಮೂಗಿನ ನರದಿಂದ ಬರೋ ವಿದ್ಯುತ್ ಸಂಕೇತನ ಅಳೆದು ನೋಡಿದಾಗ ಲೀಟರಿಗೆ 2 ಮೈಕ್ರೋಗ್ರಾಂ ತಾಮ್ರದಲ್ಲೇ ಕೆಲವೇ ಗಂಟೆಗಳಲ್ಲಿ ಸಂಕೇತ ಕಮ್ಮಿ ಆಗಿತ್ತು, ಮತ್ತೆ ಗಡಸು ನೀರು ಕಿವಿರನ್ನ ಕಾಪಾಡಿದಷ್ಟು ಮೂಗನ್ನ ಕಾಪಾಡಲ್ಲ ಅಂತಾನೂ ಗೊತ್ತಾಯ್ತು. ಅಂದ್ರೆ ಸಾವು ಎಷ್ಟು ತಾಮ್ರದಲ್ಲಿ ಆಗುತ್ತೆ ಅನ್ನೋ ಲೆಕ್ಕ ನೋಡಿ ಮೂಗಿನ ಲೆಕ್ಕ ಹೇಳೋಕೆ ಬರಲ್ಲ.

ಮಣ್ಣಿಗೆ ಅಂಟಿದ ತಾಮ್ರ ಎಲ್ಲಿ ಹೋಗುತ್ತೆ ಅನ್ನೋದೂ ಯೋಚಿಸ್ಬೇಕಾದ್ದೇ. ಮಳೆ ಜೋರಾಗಿ ಬಂದ್ರೆ ತೋಟದ ಮಣ್ಣು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಅಲ್ಲಿ ಹೂಳಾಗಿ ಕೂರುತ್ತೆ. ತಾಮ್ರ ಲೋಹ, ಕೀಟನಾಶಕದ ಹಾಗೆ ದಿನ ಕಳೆದಂತೆ ಒಡೆದು ಹೋಗೋ ವಸ್ತು ಅಲ್ಲ, ವರ್ಷ ವರ್ಷ ಸೇರ್ತಾ ಹೋಗುತ್ತೆ. ಡಾಫ್ನಿಯಾ ಕುಲದವು ಕೆರೆ ಒಣಗೋಕೆ ಮುಂಚೆ ಗಟ್ಟಿ ಕವಚದ ಮೊಟ್ಟೆ ಇಟ್ಟು ಹೋಗ್ತವೆ, ಅವು ಅದೇ ಹೂಳಲ್ಲಿ ಬೇಸಿಗೆ ಪೂರ್ತಿ, ಕೆಲವು ಸಲ ವರ್ಷಗಟ್ಟಲೆ ಬದುಕಿದ್ದು ಮಳೆ ನೀರು ತುಂಬಿದಾಗ ಒಡೆದು ಮರಿ ಆಗ್ತವೆ. ನಮ್ಮ ಬಯಲುಸೀಮೆ ಕೆರೆ ಪ್ರತಿ ಸಲ ಬತ್ತಿ ತುಂಬಿದಾಗ ಮತ್ತೆ ಜೀವ ಬರೋದು ಹೀಗೆ, ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಎಷ್ಟು ಸಂಭ್ರಮ ಆಯ್ತು ನೋಡಿದೀವಿ, ಆ ನೀರಿನ ಒಳಗೂ ಇಂಥದ್ದೊಂದು ಹುಟ್ಟು ನಡೆದೇ ಇರುತ್ತೆ. ಮರಿ ಒಡೆದು ಮೊದಲು ಮೂಸೋ ನೀರು ಹೂಳಿನ ಪಕ್ಕದ ನೀರೇ.

ಮೂಗು ಕೆಡೋದು ಅಂದ್ರೆ ವಾಸನೆ ಬರದೇ ಇರೋದು ಒಂದೇ ಅಲ್ಲ, ಇಲ್ಲದ ವಾಸನೆ ಬರೋದೂ ಉಂಟು. ಜಪಾನಿನ ತಕಾಯುಕಿ ಹನಾಜಾತೊ 90ರ ದಶಕದ ಶುರುವಿನಲ್ಲಿ ತೋರಿಸಿದ್ದು ಏನಂದ್ರೆ ಕಾರ್ಬರಿಲ್ ಅನ್ನೋ ಕೀಟನಾಶಕ ಸ್ವಲ್ಪ ಇದ್ರೆ ಸಾಕು, ಶತ್ರುನೇ ಇಲ್ಲದ ನೀರಲ್ಲೂ ಡಾಫ್ನಿಯಾ ತಲೆ ಮೇಲೆ ಶಿರಸ್ತ್ರಾಣ ಬೆಳೆಸ್ಕೊಳ್ಳೋಕೆ ಶುರು ಮಾಡುತ್ತೆ. ಅದಕ್ಕೆ ಶಕ್ತಿ ಬೇಕು, ಅಷ್ಟು ಬೆಳವಣಿಗೆ, ಅಷ್ಟು ಮೊಟ್ಟೆ ಕಮ್ಮಿ ಆಗುತ್ತೆ. ಕಾರ್ಬರಿಲ್ ಭಾರತದಲ್ಲಿ 2018ರಲ್ಲಿ ನಿಷೇಧ ಆಯ್ತು, ಅದು ಒಳ್ಳೇದೇ ಆಯ್ತು. ಸೋಪಿನ ಪುಡಿ ಕಥೆ ಇನ್ನೂ ವಿಚಿತ್ರ. ಡಾಫ್ನಿಯಾ ಬರ್ತಿದೆ ಅಂತ ಪಾಚಿಗೂ ಗೊತ್ತಾಗುತ್ತೆ, ಡಾಫ್ನಿಯಾದಿಂದ ಬರೋ ಕೆಲವು ಸಲ್ಫೇಟ್ ವಸ್ತುಗಳನ್ನ ಗುರುತಿಸಿ ಪಾಚಿ ಕಣಗಳು ನುಂಗೋಕೆ ಆಗದ ಹಾಗೆ ನಾಲ್ಕೋ ಎಂಟೋ ಸೇರಿ ಗುಂಪು ಕಟ್ಕೊಳ್ತವೆ. ಆ ಸಲ್ಫೇಟುಗಳ ರಚನೆ ಡಿಟರ್ಜೆಂಟಿನಲ್ಲಿ ನೊರೆ ಬರಿಸೋ ವಸ್ತುಗಳಿಗೆ ತುಂಬ ಹತ್ರ. ಹಾಗಾಗಿ ಇಂಥ ವಸ್ತು ಬಿದ್ದ ನೀರಲ್ಲಿ ಡಾಫ್ನಿಯಾ ಇಲ್ಲದಿದ್ರೂ ಪಾಚಿ ಗುಂಪು ಕಟ್ಟಿದ್ದನ್ನ ನೋಡಿದ್ದಾರೆ. ಊರಿನ ಚರಂಡಿ ನೀರು, ಬಟ್ಟೆ ಒಗೆಯೋ ನೀರು ಸೇರೋ ಪ್ರತಿ ಕೆರೆಯಲ್ಲೂ ಇದು ಪ್ರಸ್ತುತ. ನೆದರ್ಲ್ಯಾಂಡ್ಸಿನ ಲುರ್ಲಿಂಗ್ ಮತ್ತು ಶೆಫರ್ ಅನ್ನೋರು 2007ರಲ್ಲಿ ಇದನ್ನೆಲ್ಲ ಒಟ್ಟುಗೂಡಿಸಿ, ಮಾಲಿನ್ಯ ಜೀವಿಗಳ ನಡುವಿನ ಮಾಹಿತಿಯನ್ನೇ ಕೆಡಿಸುತ್ತೆ, ಅದನ್ನ ಬೇರೆ ರೀತಿಯ ಹಾನಿ ಅಂತಾನೇ ನೋಡಬೇಕು ಅಂದ್ರು.

ಕಳೆನಾಶಕಕ್ಕೂ ಹೀಗೇ, ಮೆಟೊಲಾಕ್ಲರ್ ಇರೋ ನೀರಲ್ಲಿ ಇದ್ದ ಸಿಹಿನೀರಿನ ಕ್ರೇಫಿಶ್‌ಗಳು (ಕೊಂಡಿ ಇರೋ ದೊಡ್ಡ ಸೀಗಡಿಯಂಥವು) ಊಟದ ಜಾಗ ಹುಡುಕೋಕೆ ಕಷ್ಟ ಪಟ್ವು. ನೀರು ಆಮ್ಲೀಯ ಆದ್ರೂ ಸಾಕು, ಸಮುದ್ರದ ಸನ್ಯಾಸಿ ಏಡಿಯ ಮೇಲೆ 2012ರಲ್ಲಿ ಮಾಡಿದ ಪ್ರಯೋಗದಲ್ಲಿ ಪಿಎಚ್ ಇಳಿಸಿದಾಗ ಅದು ಮೀಸೆ ಒದರೋದೇ ಕಮ್ಮಿ ಮಾಡ್ತು.

ಈ ಜೀವಿಗಳು ಇದ್ರೆಷ್ಟು ಬಿಟ್ರೆಷ್ಟು ಅಂತ ಅನ್ಸಬಹುದು. ಕೆರೆಯಲ್ಲಿ ಪಾಚಿನ ತಿಂದು ನೀರು ತಿಳಿಯಾಗಿ ಇಡೋದ್ರಲ್ಲಿ ದೊಡ್ಡ ಪಾಲು ಇವುಗಳದ್ದು, ಮೀನಿನ ಮರಿಗೆ ಮೊದಲ ಊಟಾನೂ ಇವೇ. ಮೂಗು ಕೆಟ್ಟು ಹಗಲಲ್ಲೂ ಮೇಲೆ ಬೆಳಕಲ್ಲೇ ಸುತ್ತಾಡಿದ್ರೆ ಮೀನಿಗೆ ಒಂದಷ್ಟು ದಿನ ಹಬ್ಬ, ಆಮೇಲೆ ಇವುಗಳ ಸಂಖ್ಯೆ ಕುಸಿದು ಪಾಚಿ ಹಬ್ಬೋಕೆ ದಾರಿ ಆಗಬಹುದು. ಆಗ ನಾವು ಏನು ಹೇಳ್ತೀವಿ, ಗೊಬ್ಬರ ಜಾಸ್ತಿ ಆಯ್ತು ಚರಂಡಿ ನೀರು ಜಾಸ್ತಿ ಆಯ್ತು ಅಂತೀವಿ, ಅದೂ ನಿಜವೇ, ಆದ್ರೆ ಪಾಚಿ ಮೇಯೋ ಬಾಯಿ ಕಮ್ಮಿ ಆಗಿದ್ದನ್ನ ಯಾರೂ ಎಣಿಸಿರಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದ್ರೆ ಶಾಂತಿಸಾಗರ, 12ನೇ ಶತಮಾನದ್ದು, ಚಿತ್ರದುರ್ಗಕ್ಕೆ ಕುಡಿಯೋ ನೀರು ಅಲ್ಲಿಂದ ಹೋಗುತ್ತೆ. ಅಂಥ ಕೆರೆಯಲ್ಲಿ ಪಾಚಿ ಎದ್ರೆ ಶುದ್ಧೀಕರಣದ ಖರ್ಚು ಎಲ್ಲರ ತಲೆ ಮೇಲೆ.

ಈಗಿನ ಪರೀಕ್ಷೆಗಳು ಇದನ್ನ ಯಾಕೆ ಹಿಡಿಯಲ್ಲ ಅಂದ್ರೆ ಅವು ಸಾವನ್ನ ಎಣಿಸೋಕೆ ಮಾಡಿದ್ದು. ತ್ಯಾಜ್ಯ ನೀರಿನ ಸಾಮಾನ್ಯ ಮಾನಕದಲ್ಲಿ ಜೈವಿಕ ಪರೀಕ್ಷೆ ಅಂದ್ರೆ 96 ಗಂಟೆ ಆದ್ಮೇಲೆ 90 ಪರ್ಸೆಂಟ್ ಮೀನು ಬದುಕಿರಬೇಕು. ಡಾಫ್ನಿಯಾ ಇಟ್ಟು ಮಾಡೋ ಅಂತಾರಾಷ್ಟ್ರೀಯ ಪರೀಕ್ಷೆಯಲ್ಲೂ 48 ಗಂಟೆಯಲ್ಲಿ ಎಷ್ಟು ಮರಿ ಅಲ್ಲಾಡದೆ ಬಿದ್ವು ಅಂತ ನೋಡ್ತಾರೆ. ಮೀನುಗಾರಿಕೆಗೆ ಯೋಗ್ಯವಾದ ನೀರು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಿರೋ ಡಿ ವರ್ಗಕ್ಕೆ ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ 4 ಮಿಲಿಗ್ರಾಂ, ಅಮೋನಿಯಾ 1.2ಕ್ಕಿಂತ ಕಮ್ಮಿ, ಇಷ್ಟೇ ಮುಖ್ಯ ಅಳತೆ, ತಾಮ್ರದ ಮಾತೇ ಇಲ್ಲ. ಒಂದು ಕೆರೆ ಈ ಎಲ್ಲಾ ಪರೀಕ್ಷೆ ಪಾಸಾಗಿ, ಅದರೊಳಗಿನ ಅರ್ಧ ಜೀವಿಗಳಿಗೆ ವಾಸನೆ ಬರದೇ ಇರೋ ಸಾಧ್ಯತೆ ಇದೆ, ಈಗಿನ ಪರೀಕ್ಷೆಗಳಲ್ಲಿ ಅದನ್ನ ತಿಳಿಯೋ ದಾರಿ ಇಲ್ಲ.

ಒಳ್ಳೇ ಸಂಗತಿ ಅಂದ್ರೆ ಈ ಹಾನಿ ಶಾಶ್ವತ ಆಗಬೇಕು ಅಂತೇನಿಲ್ಲ. ಇವು ಪೊರೆ ಕಳಚಿದಾಗ ವಾಸನೆ ಕೂದಲೂ ಹಳೇ ಪೊರೆ ಜೊತೆ ಹೋಗಿ ಹೊಸದು ಬರುತ್ತೆ, ಡಾಫ್ನಿಯಾ ಬೆಚ್ಚನೆ ನೀರಲ್ಲಿ ಎರಡು ಮೂರು ದಿನಕ್ಕೊಮ್ಮೆ ಪೊರೆ ಬಿಡುತ್ತೆ. ನೀರು ಸುಧಾರಿಸಿದ್ರೆ ಇವೂ ಬೇಗ ಸುಧಾರಿಸೋ ಆಸೆ ಇಟ್ಕೋಬಹುದು. ಅದಕ್ಕೆ ಬೇಕಾಗಿರೋದ್ರಲ್ಲಿ ಕೆಲವು ಇವತ್ತೇ ಆಗುವಂಥದ್ದು. ಡ್ರಮ್ಮು, ಗನ್ನು, ಪೈಪು ತೋಟದ ಒಳಗೇ ತೊಳೆದು ಆ ನೀರನ್ನ ಗಿಡಕ್ಕೇ ಹಾಕೋದು, ಮಳೆ ಮೋಡ ಕಟ್ಟಿರೋವಾಗ ಹೊಡೀದೇ ಇರೋದು, ಚಾನಲ್ ಹಳ್ಳದ ಅಂಚಿನಲ್ಲಿ ಒಂದೆರಡು ಮಾರು ಹುಲ್ಲು ಬಿಡೋದು, ರೋಗ ಬರೋ ಮುನ್ಸೂಚನೆ ನೋಡಿ ಸುತ್ತು ಕಮ್ಮಿ ಮಾಡೋದು. ತೋಟಗಾರಿಕೆ ಇಲಾಖೆಯವರು ಬೋರ್ಡೋ ಮಾಡೋದು ಹೇಳ್ಕೊಡೋವಾಗ ಉಳಿದ ದ್ರಾವಣ ಏನು ಮಾಡಬೇಕು ಅನ್ನೋದನ್ನೂ ಅಷ್ಟೇ ಗಟ್ಟಿಯಾಗಿ ಹೇಳಲಿ.

ಇನ್ನು ಕಾಲೇಜಿನವರಿಗೆ. ಕೆನಡಾದ ಫಲಿತಾಂಶನ ಹಾಗೇ ತಂದು ನಮ್ಮ ಕೆರೆಗೆ ಹೊಂದಿಸೋಕೆ ಆಗಲ್ಲ, ಇಲ್ಲಿನ ಜಾತಿ ಬೇರೆ, ನೀರು ಬೇರೆ, ಬಿಸಿಲು ಬೇರೆ. ಮೊಯ್ನಾ ಸಾಕೋದು ಯಾವ ಪ್ರಾಣಿಶಾಸ್ತ್ರ ವಿಭಾಗಕ್ಕೂ ಕಷ್ಟ ಅಲ್ಲ. ಎತ್ತರದ ಗಾಜಿನ ಜಾಡಿ, ಮೇಲಿಂದ ಬೆಳಕು, ಒಂದಕ್ಕೆ ಗೆಂಡೆ ಮೀನು ಇಟ್ಟಿದ್ದ ನೀರು, ಇನ್ನೊಂದಕ್ಕೆ ಅದೇ ನೀರಿಗೆ ಸ್ವಲ್ಪ ತಾಮ್ರ, ಮೂರನೇದಕ್ಕೆ ಚಾನಲ್ ನೀರು, ಯಾವುದರಲ್ಲಿ ಅವು ಕೆಳಗಿಳಿದ್ವು ಯಾವುದರಲ್ಲಿ ಇಳೀಲಿಲ್ಲ ಅಂತ ಬರೀ ಕಣ್ಣಲ್ಲೇ ಎಣಿಸಬಹುದು. ಮತ್ತೆ ಶಾಂತಿಸಾಗರದ ನೀರಿನ ಸ್ಯಾಂಪಲ್ ಹೇಗಿದ್ರೂ ತೆಗೀತಾರೆ, ಅದನ್ನ ಔಷಧಿ ಹೊಡೆಯೋ ತಿಂಗಳಲ್ಲಿ, ಜೋರು ಮಳೆ ಬಿದ್ದ ಮಾರನೇ ದಿನ, ಹಳ್ಳ ಬಂದು ಸೇರೋ ಜಾಗದಲ್ಲಿ ತೆಗೆದು ಕರಗಿದ ತಾಮ್ರನ ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆದು ಬೋರ್ಡಲ್ಲಿ ಹಾಕಲಿ.